ಖಾಲಿ ಮಂಜಿನ ಕಡೆ ತಿರುಗಿದ ಡಬ್ಬ

ಕರ್ಹುಸಾರಿ ದ್ವೀಪ
ಮಾರ್ಚ್ 16, ಶನಿವಾರ, ಮಧ್ಯಾಹ್ನ

…ಅಲ್ಲ, ಹೀಗೆ ಹೇಳಿದರೆ ನಿನಗೆ ಗಾಬರಿಯಾಗುತ್ತದೆ. ಕ್ಷಮಿಸು ಕೈಸು, ಮತ್ತೆ ಮೊದಲಿನಿಂದ ರೆಕಾರ್ಡ್ ಮಾಡುತ್ತೇನೆ. ಇದು ಮೂರನೇ ಸಲ. ಮೊದಲಿನ ಎರಡನ್ನೂ ಅಳಿಸಿ ಹಾಕಿದೆ. ಒಂದರಲ್ಲಿ ಬರೀ ಹವಾಮಾನ, ಇನ್ನೊಂದರಲ್ಲಿ ಬರೀ ನನ್ನ ಕೆಮ್ಮು.

ಪ್ರೀತಿಯ ತಂಗಿ, ಅಪ್ಪ ಚೆನ್ನಾಗಿದ್ದಾರೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬೆಳಿಗ್ಗೆ ಎರಡು ಬಟ್ಟಲು ಮೀನಿನ ಸೂಪು ಕುಡಿದು, ರೈ ಬ್ರೆಡ್ಡು ಕಲ್ಲಾಗಿದೆ ಎಂದು ನನ್ನನ್ನು ಬೈದು, ಈಗ ಮಲಗಿದ್ದಾರೆ. ಹೊಸ ವರ್ಷದ ನಂತರ ನಿನಗೆ ಒಂದು ಮಾತೂ ಕಳಿಸಲಿಲ್ಲ, ತಪ್ಪು ನನ್ನದೇ. ನಿನ್ನೆಯಿಂದ ನೀನು ನಾಲ್ಕು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ‘ಅಪ್ಪ ಸಿಕ್ಕರು, ಕ್ಷೇಮ’ ಎಂದು ಮೂರು ಪದ ಬರೆದು ಸುಮ್ಮನಾದೆ. ನನ್ನಂಥ ಬಾಯಿಬಡುಕ ಮೂರೇ ಪದಕ್ಕೆ ನಿಂತ ಎಂದರೆ ಏನೋ ಇದೆ ಎಂದು ನಿನಗೂ ಅನ್ನಿಸಿರಬೇಕು. ನಿಮ್ಮ ಗೋಥೆನ್‌ಬರ್ಗಿನಲ್ಲಿ ಚಳಿ ಇಳಿಯಿತಾ? ನಿನ್ನ ಬೆನ್ನು ಹೇಗಿದೆ?

ಸರಿ, ಕೇಳು. ನಾನು ದ್ವೀಪದ ತುಂಬ ಹಾಕಿರುವ ಡಬ್ಬಗಳಿವೆಯಲ್ಲ, ನೀನು ಹಕ್ಕಿಗೂಡು ಎಂದು ನಗುತ್ತಿದ್ದುದು, ಅವುಗಳದೇ ಕಥೆ. ಒಂದು ದೊಡ್ಡ ಮೊಬೈಲ್ ಟವರಿನ ಬದಲು ಹನ್ನೊಂದು ಪುಟ್ಟ ಡಬ್ಬ. ಚರ್ಚಿನ ಗೋಡೆಗೊಂದು, ಶಾಲೆಗೊಂದು, ಮೀನುಬಂದರಿಗೆ ಎರಡು, ಪಶ್ಚಿಮದ ತುದಿಯಲ್ಲಿ ಹಡಗಿಗೆ ದಾರಿ ತೋರುವವರು ಇರುತ್ತಿದ್ದ ಹಳೇ ಪೈಲಟ್ ಮನೆಗೊಂದು, ಹೀಗೆ. ಅವುಗಳಿಗೆ ಯಜಮಾನ ಇಲ್ಲ. ತಮ್ಮತಮ್ಮಲ್ಲೇ ಮಾತಾಡಿಕೊಂಡು ಕೆಲಸ ಹಂಚಿಕೊಳ್ಳುತ್ತವೆ. ಒಂದು ಕೆಟ್ಟರೆ ಅಕ್ಕಪಕ್ಕದವು ಅದರ ಭಾರ ಹೊರುತ್ತವೆ. ಒಳಗಿನ ಆಂಟೆನಾ ಅಲುಗಾಡುವುದಿಲ್ಲ, ಆದರೂ ನಾವು ಬಾಯಿಗೆ ಎರಡು ಕೈ ಹಿಡಿದು ಒಂದು ಕಡೆಗೆ ಕೂಗುತ್ತೇವಲ್ಲ, ಹಾಗೆ ಜನ ಎಲ್ಲಿದ್ದಾರೋ ಅಲ್ಲಿಗೇ ಸಿಗ್ನಲ್ಲನ್ನು ಕೂಡಿಸಿ ಎಸೆಯುತ್ತವೆ. ಯಾವ ಹೊತ್ತಿಗೆ ಯಾವ ಕಡೆ ಜನ ಇರುತ್ತಾರೆ ಎಂಬುದನ್ನು ದಿನಾ ನೋಡಿ ನೋಡಿ ತಾವೇ ಕಲಿಯುತ್ತವೆ. ನನ್ನ ಕೆಲಸ ಏನಪ್ಪಾ ಅಂದರೆ, ಕೈ ಹಾಕದೆ ಕೂರುವುದು. ಇಪ್ಪತ್ತೈದು ವರ್ಷ ಕೈ ಹಾಕಿಯೇ ಸಂಬಳ ತಿಂದವನಿಗೆ ಅದು ಎಂಥ ಶಿಕ್ಷೆ ಗೊತ್ತಾ!

ಆ ಪೈಲಟ್ ಮನೆಯ ಡಬ್ಬ ಡಿಸೆಂಬರಿನಿಂದ ಒಂದು ಹುಚ್ಚು ಹಿಡಿಸಿಕೊಂಡಿತ್ತು. ದಿನಾ ಬೆಳಿಗ್ಗೆ ಹತ್ತು ಗಂಟೆಗೆ ಹಳ್ಳಿಗೆ ಬೆನ್ನು ಹಾಕಿ ಹೆಪ್ಪುಗಟ್ಟಿದ ಸಮುದ್ರದ ಕಡೆ ತಿರುಗಿ, ಹತ್ತೂ ನಲವತ್ತರವರೆಗೆ ಹಾಗೇ ನಿಲ್ಲುತ್ತಿತ್ತು. ಅಲ್ಲಿ ಏನೂ ಇಲ್ಲ, ಖಾಲಿ ಮಂಜುಗಡ್ಡೆ. ಮಂಜಿಗೆ ಬಡಿದು ವಾಪಸು ಬರುವ ಸಿಗ್ನಲ್ಲನ್ನೇ ನೋಡಿ ಮೋಸ ಹೋಗುತ್ತಿದೆ ಎಂದುಕೊಂಡೆ. ಅಪ್ಪನ ಮೀನುಬಲೆ ಅಲ್ಲೇ ಇದ್ದೀತು ಎಂದು ಯಾಕೆ ಹೊಳೆಯಲಿಲ್ಲ ಎನ್ನುತ್ತೀಯಾ? ನಮ್ಮೂರು ನಿನಗೇ ಗೊತ್ತು. ಮಂಜಿನಡಿ ಯಾರ ಬಲೆ ಎಲ್ಲಿದೆ ಎಂದು ಯಾರೂ ಕೇಳುವ ಹಾಗಿಲ್ಲ, ಮಗನೂ ಕೇಳುವ ಹಾಗಿಲ್ಲ. ಕೇಳಿದರೂ ಉತ್ತರ ‘ಹೊರಗೆ’ ಅಷ್ಟೇ.

ನಿನ್ನೆ ಔಲು ನಗರದಿಂದ ನಮ್ಮ ಕಂಪನಿಯ ದೊಡ್ಡವರು ಮೂವರು ಡಬ್ಬಗಳನ್ನು ನೋಡಲು ಬರುವವರಿದ್ದರು. ಪರದೆಯ ಮೇಲಿನ ನಕ್ಷೆ ಚಂದ ಕಾಣಲಿ ಎಂದು ಗುರುವಾರ ಸಂಜೆ ಆ ಡಬ್ಬದ ಸಿಗ್ನಲ್ಲನ್ನು ಕಂಪ್ಯೂಟರಿನಲ್ಲೇ ಹಳ್ಳಿಯ ಕಡೆ ತಿರುಗಿಸಿ ಬೀಗ ಹಾಕಿದೆ. ಇನ್ನು ಅದು ತಾನಾಗಿ ತಿರುಗುವ ಹಾಗಿಲ್ಲ. ಬರೀ ಚಂದಕ್ಕೆ, ಕೈಸು. ಬೇರೆ ಯಾವ ಕಾರಣವೂ ಇಲ್ಲ.

ಶುಕ್ರವಾರ ಎಂಟಕ್ಕೆ ಅಪ್ಪ ಹಿಮಸ್ಕೂಟರ್ ಹತ್ತಿ ಹೊರಟರು. ಒಂಬತ್ತರ ಹೊತ್ತಿಗೆ ಪೂರ್ವದ ಗಾಳಿ ಎದ್ದಿತು. ಹತ್ತೂ ನಲವತ್ತಕ್ಕೆ ನಿನ್ನ ಸಂದೇಶ ಬಂತು: ‘ಅಪ್ಪ ಎಲ್ಲಿ?’ ‘ಬಲೆಗೆ’ ಎಂದು ಬರೆದು ಕಾಫಿ ಸೋಸಲು ಹೋದೆ. ಇಷ್ಟು ದಿನ ಇಲ್ಲದ್ದು ಇವಳಿಗೆ ಇವತ್ತೇ ಅಪ್ಪನ ನೆನಪಾಯಿತಲ್ಲ ಎಂದು ಮನಸ್ಸಿನಲ್ಲೇ ಚುಚ್ಚಿದೆ ಕೂಡ. ಅದಕ್ಕೂ ಕ್ಷಮೆ ಇರಲಿ.

ಹನ್ನೊಂದಕ್ಕೆ ದೊಡ್ಡವರು ಬಂದು ಶಾಲೆಯ ಕೋಣೆಯಲ್ಲಿ ಕೂತಿದ್ದರು. ನಾನು ಕಡ್ಡಿ ಹಿಡಿದು ನಕ್ಷೆ ತೋರಿಸುತ್ತಿದ್ದೆ. ಪಕ್ಕದ ಮನೆಯ ಹಿಲ್ಕಕ್ಕ ಬೂಟಿನ ಹಿಮವನ್ನೂ ಕೊಡವದೆ ಒಳಗೆ ನುಗ್ಗಿದಳು.

“ಏಯ್ ಇಲ್ಪೊ, ಪಶ್ಚಿಮಕ್ಕೆ ಮಂಜು ಸೀಳಿದೆ ಕಣೋ. ಇಷ್ಟಗಲ ನೀರು. ನಿಮ್ಮಪ್ಪನ ಸ್ಕೂಟರ್ ಜಾಡು ನೀರಿನ ಅಂಚಿಗೆ ಹೋಗಿ ನಿಂತಿದೆ.”

ಫೋನ್ ಮಾಡಿದೆ. ಸಂಪರ್ಕಕ್ಕೆ ಸಿಗುತ್ತಿಲ್ಲ. ಮತ್ತೆ ಮಾಡಿದೆ, ಸಿಗುತ್ತಿಲ್ಲ. ಆ ಹೆಣ್ಣಿನ ಧ್ವನಿ ಎಷ್ಟು ನಯವಾಗಿ ಅದನ್ನು ಹೇಳುತ್ತದೆ ನೋಡು. ಆಗ ನಿನ್ನ ಸಂದೇಶ ನೆನಪಾಯಿತು. ಹತ್ತರಿಂದ ಹತ್ತೂ ನಲವತ್ತು. ಡಬ್ಬ ದಿನಾ ತಿರುಗಿ ನಿಲ್ಲುವ ಹೊತ್ತು. ಅಲ್ಲಿ ದಿನವೂ ಒಬ್ಬ ಮನುಷ್ಯ ನಿಂತು ಮಾತಾಡುತ್ತಾನೆ, ಅವನಿಗೆ ಬೆನ್ನು ತಿರುಗಿಸಿ ಬೀಗ ಹಾಕಿದವನು ನಾನು.

ಬೀಗ ತೆಗೆಯಲು ಹೋದರೆ ಪಾಸ್‌ವರ್ಡ್ ಎರಡು ಸಲ ತಪ್ಪಾಯಿತು. ದೊಡ್ಡವರಲ್ಲೊಬ್ಬ ಕೇಳಿದ, “ಇದೂ ನೀವು ತೋರಿಸೋ ಪ್ರಯೋಗದ ಭಾಗನಾ?”

“ಹೂನಪ್ಪ,” ಎಂದಳು ಹಿಲ್ಕಕ್ಕ, “ನಿಮಗೋಸ್ಕರ ಅಂತಾನೇ ಒಬ್ಬ ಮುದುಕನ್ನ ತೇಲಿಬಿಟ್ಟಿದೀವಿ.”

ಬೀಗ ತೆಗೆದೆ. ಇನ್ನು ನನ್ನ ಕೈಯಲ್ಲಿ ಏನೂ ಇರಲಿಲ್ಲ. ಡಬ್ಬ ಒಂದು ಗಳಿಗೆ ಹಳ್ಳಿಯ ಕಡೆಗೇ ನೋಡುತ್ತಾ ನಿಂತಿತು. ಆಮೇಲೆ ನಿಧಾನಕ್ಕೆ ಪಶ್ಚಿಮಕ್ಕೆ ಹೊರಳಿತು. ಹಳೇ ಜಾಗಕ್ಕೆ ಹೋಯಿತು, ಅಲ್ಲಿ ಯಾರೂ ಸಿಗಲಿಲ್ಲ. ಅಕ್ಕಪಕ್ಕ ತಡಕಾಡಿತು. ನಾಲ್ಕು ನಿಮಿಷ, ಕೈಸು. ಕಡೆಗೆ ಪರದೆಯ ಮೇಲೆ ಒಂದು ಚುಕ್ಕಿ ಮೂಡಿತು. ಫೋನ್ ಮಾಡಿದೆ, ರಿಂಗಾಯಿತು.

“ಏನು?” ಎಂದರು ಅಪ್ಪ.

“ಅಪ್ಪಾ! ಎಲ್ಲಿದೀರಿ?”

“ಮಂಜಿನ ಮೇಲೆ.”

“ಯಾವ ಮಂಜು?”

“ಹೊರಟಿರೋದು.”

ಅಷ್ಟೇ. ಹೆದರಿಕೆಯಾಗಿದೆಯಾ ಎಂದು ಕೇಳಿದೆ. “ಮಾತಾಡಿ ಬ್ಯಾಟರಿ ಮುಗಿಸ್ಬೇಡ,” ಎಂದರು.

ರಕ್ಷಣಾ ದಳದವರು ಬರಲು ನಲವತ್ತು ನಿಮಿಷ ಬೇಕು ಎಂದರು. ಹಿಲ್ಕಕ್ಕ ಕಾಯಲಿಲ್ಲ. ನೀರು, ಮಂಜು ಎರಡರ ಮೇಲೂ ಓಡುವ ಆ ಪಂಖದ ದೋಣಿ ಇದೆಯಲ್ಲ, ಅದನ್ನೇ ಹೊರಡಿಸಿದಳು. ಎಪ್ಪತ್ತೊಂದು ವರ್ಷ ಆ ಹೆಂಗಸಿಗೆ! ಮಂಜಿನ ತುಂಡು ಗಾಳಿಗೆ ಸರಿಯುತ್ತಲೇ ಇತ್ತು, ಹಿಮ ಹಾರಿ ಕಣ್ಣಿಗೆ ಏನೂ ಕಾಣದು. ಆದರೆ ಡಬ್ಬ ಅಪ್ಪನ ಫೋನಿನ ಹಿಂದೆಯೇ ಗೇಣುಗೇಣಾಗಿ ತಿರುಗುತ್ತಿತ್ತು. ಅದು ತಿರುಗಿದ ಕಡೆಯನ್ನು ನಾನು ಫೋನಿನಲ್ಲಿ ಹೇಳುತ್ತಾ ಹೋದೆ. “ಎಡಕ್ಕೆ ಹಿಲ್ಕಕ್ಕ, ಇನ್ನೂ ಎಡಕ್ಕೆ.” “ಗೊತ್ತಾಯ್ತು ಬಿಡೋ, ಕಿವೀಲಿ ಕೂಗ್ಬೇಡ!” ಹನ್ನೆರಡೂವರೆಗೆ ಸಿಕ್ಕರು. ಮೀನಿನ ಕ್ರೇಟ್ ಮೇಲೆ ಕೂತು ಥರ್ಮಾಸಿನ ಕೊನೇ ಕಾಫಿ ಕುಡಿಯುತ್ತಿದ್ದರಂತೆ. ಕಾಲು ಕೂಡ ಒದ್ದೆಯಾಗಿರಲಿಲ್ಲ. ಮೊದಲು ಮೀನು ಹತ್ತಿಸಿ, ಆಮೇಲೆ ತಾವು ಹತ್ತಿದರಂತೆ.

ದಡಕ್ಕೆ ಬಂದವರು ನನ್ನ ಮುಖ ನೋಡಿ, “ಫೋನ್ ಕೆಟ್ಟಿತ್ತು,” ಎಂದರು.

“ಫೋನ್ ಅಲ್ಲ ಅಪ್ಪ. ನಾನು ಮಾಡಿದ್ದು.” ಎಲ್ಲವನ್ನೂ ಹೇಳಿದೆ, ದೊಡ್ಡವರ ಎದುರಿಗೇ.

ಕೈಗವಸು ಬಿಚ್ಚುತ್ತಾ ಕೇಳಿಸಿಕೊಂಡರು. “ಇನ್ಮೇಲೆ ಮುಟ್ಬೇಡ.”

“ಅಯ್ಯೋ, ಆ ಡಬ್ಬಕ್ಕಿರೋ ಬುದ್ಧಿ ಇವನಿಗಿದ್ದಿದ್ರೆ!” ಎಂದು ಹಿಲ್ಕಕ್ಕ ಬೆನ್ನಿಗೆ ಗುದ್ದಿದಳು. ನಾನು ನಗುತ್ತಲೇ ಅತ್ತುಬಿಟ್ಟೆ. ಐವತ್ತಾದರೂ ಹೀಗೇ ನಾನು. ಇವತ್ತು ಬೆಳಿಗ್ಗೆಯಿಂದ ಮೂರು ಸಲ ಬಾಗಿಲು ಸರಿಸಿ ಅಪ್ಪನ ಗೊರಕೆ ಕೇಳಿ ಬಂದಿದ್ದೇನೆ. ಗೊರಕೆ ಇಷ್ಟು ಹಿತವಾಗಿರುತ್ತದೆ ಎಂದು ಗೊತ್ತಿರಲಿಲ್ಲ.

ನೀನೂ ಮಕ್ಕಳೂ ತಣ್ಣಗಿರಿ. ನಿನ್ನ ಬೆನ್ನುನೋವು ಬೇಗ ವಾಸಿಯಾಗಲಿ.

ನಿನ್ನ ಅಣ್ಣ,
ಇಲ್ಪೊ

ಇನ್ನೊಂದು ಮಾತು, ಇದನ್ನು ಬೇರೆಯಾಗಿಯೇ ರೆಕಾರ್ಡ್ ಮಾಡುತ್ತಿದ್ದೇನೆ. ಇವತ್ತು ಬೆಳಿಗ್ಗೆ ಡಬ್ಬದ ದಾಖಲೆ ತೆಗೆದು ನೋಡಿದೆ. ಯಾರು ಯಾರಿಗೆ ಫೋನ್ ಮಾಡಿದರು ಎಂದು ಅದರಲ್ಲಿ ಇರುವುದಿಲ್ಲ, ಎಷ್ಟು ಹೊತ್ತು ಎಂದಿರುತ್ತದೆ. ದಿನಾ ನಲವತ್ತು ನಿಮಿಷ. ಭಾನುವಾರವೂ ಬಿಟ್ಟಿಲ್ಲ. ಆ ಕಡೆ ಇದ್ದವಳು ನೀನು ಎಂದು ನಿನ್ನ ಸಂದೇಶವೇ ಹೇಳಿಬಿಟ್ಟಿತ್ತು. ನಿನ್ನ ಫೋನ್ ಎತ್ತದೆ ಇದ್ದದ್ದು ಅದಕ್ಕೇ.

ಅಮ್ಮ ಹೋದ ಮೇಲೆ ಆರು ವರ್ಷದಿಂದ ನಾನು ಇವರ ಎದುರಿಗೆ ಕೂತು ಊಟ ಮಾಡುತ್ತಿದ್ದೇನೆ ಕೈಸು. ಮಾತೆಲ್ಲ ನನ್ನದೇ, ಅವರದ್ದು ‘ಹೂಂ’. ಅವರ ಸ್ವಭಾವವೇ ಹಾಗೆ, ಮಾತು ಬಾರದ ಮನುಷ್ಯ ಎಂದು ನಂಬಿ ಸಮಾಧಾನವಾಗಿದ್ದೆ. ಮಾತು ಬರುತ್ತದಂತೆ. ನನ್ನಿಂದ ಮೂರು ಕಿಲೋಮೀಟರ್ ದೂರ ಹೋಗಿ, ಕೊರೆಯುವ ಚಳಿಯಲ್ಲಿ ಕೂತು ಮಾತಾಡುತ್ತಾರೆ. ನೀನೂ ಹೇಳಲಿಲ್ಲ. ಸಿಟ್ಟಿಲ್ಲ ಕಣೇ, ನಿಜವಾಗಿಯೂ ಇಲ್ಲ. ನಿನ್ನೆ ಅವರ ಜೀವ ಉಳಿಸಿದ್ದು ಆ ನಲವತ್ತು ನಿಮಿಷವೇ. ಆದರೂ ಒಂದು ಕೇಳಲೇ? ಏನು ಮಾತಾಡುತ್ತಾರೆ? ನನ್ನ ಬಗ್ಗೆ ಏನಾದರೂ…

ತಡಿ, ಎದ್ದು ಆಗಲೇ ತುಂಬ ಹೊತ್ತಾದ ಹಾಗಿದೆ. ಅಂಗಳದಿಂದ ಕೂಗುತ್ತಿದ್ದಾರೆ.

“ಇಲ್ಪೊ! ಯಾರ ಹತ್ರನೋ ಮಾತು, ಅಷ್ಟು ಹೊತ್ತಿಂದ?”

“ಕೈಸು ಹತ್ರ ಅಪ್ಪ!”

“ಸಾಕು ಬಾ. ಸೌನಾ ಕಾದಿದೆ. ಹಬೇಲಿ ಒಬ್ಬನೇ ಕೂತ್ಕೊಳಕ್ಕೆ ಬೇಜಾರು.”

ಕೇಳಿಸಿತಾ ನಿನಗೆ? ಬಂದೆ ಅಪ್ಪಾ, ಬಂದೆ! ಇಡ್ತೀನಿ ಕೈಸು.