ಮುಟ್ಟಿತು ಎನ್ನುವ ಚೀಟಿ

ಜಕ್ಕಲಿ
11-2-2009

ಪ್ರೀತಿಯ ಮದರಬಿಗೆ ನಿನ್ನ ಶೇಖವ್ವನ ಸಲಾಮು.

ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿಯೇ ನೀನು ಹುಬ್ಬು ಗಂಟು ಹಾಕಿರುತ್ತೀ. ಹಾಕು, ತಪ್ಪೇನಿಲ್ಲ. ಮೂರೂವರೆ ವರ್ಷ ಒಂದು ಸಾಲೂ ಬರೆಯದವಳು ಈಗ ಬಂದು ತಡವಾಯಿತು, ಕ್ಷಮಿಸು ಎಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಆದರೂ ಕೇಳುತ್ತೇನೆ. ಒಂದೇ ಖೋಲಿಯಲ್ಲಿ ಬೆನ್ನಿಗೆ ಬೆನ್ನು ಹಚ್ಚಿ, ನೀನು ಒಂದನೆಯ ಇಯತ್ತೆಗೆ, ನಾನು ಎರಡನೆಯದಕ್ಕೆ, ಹನ್ನೊಂದು ವರ್ಷ ಕಲಿಸಿದವರು ನಾವು. ನೀನು ವರ್ಗ ಮಾಡಿಸಿಕೊಂಡು ಗಂಡನ ಊರು ಹೊಳೆಮಣ್ಣೂರಿಗೆ ಹೋದ ಮೇಲೂ ತಿಂಗಳಿಗೊಂದು ಪತ್ರ ತಪ್ಪುತ್ತಿರಲಿಲ್ಲ. ನಿನ್ನ ಮಗಳು ಯಾಸ್ಮಿನಳ ಮದುವೆಗೆ ನಾನು ಬರಲಿಲ್ಲ. ಯಾಕೆಂದು ನೀನು ಕೇಳಿದಾಗ ಕಾರ್ಡು ಮುಟ್ಟಲೇ ಇಲ್ಲ ಎಂದು ಬರೆದೆ. ಆಮೇಲೆ ನಿನ್ನ ಮೂರು ಪತ್ರ ಬಂದವು, ಉತ್ತರ ಬರೆಯಲಿಲ್ಲ. ಕೊನೆಗೆ ನೀನೂ ಬಿಟ್ಟೆ. ಈ ಪತ್ರದ ಆಸೆ ಒಂದೇ, ನೀನು ನನಗೆ ಮತ್ತೆ ಬರೆಯಬೇಕು.

ನಾವಿಲ್ಲಿ ಚೆನ್ನಾಗಿದ್ದೇವೆ. ಕಡಲೆ ಕಿತ್ತಾಯಿತು. ನಮ್ಮನೆಯವರು ಹೊಸ ಹಲ್ಲು ಕಟ್ಟಿಸಿಕೊಂಡಿದ್ದಾರೆ. ಅದರ ಗಟ್ಟಿತನ ನೋಡಲಿಕ್ಕೆಂದು ದಿನಾ ಹುರಿದ ಕಡಲೆ ಬೇಡುತ್ತಾರೆ. ನನ್ನ ಸುದ್ದಿ ಕೇಳಿದರೆ ನೀನು ನಗುತ್ತೀ. ಐವತ್ತಾರನೆಯ ವಯಸ್ಸಿಗೆ ನನ್ನನ್ನು ರೋಣದಲ್ಲಿ ಹತ್ತು ದಿನದ ಕಂಪ್ಯೂಟರ್ ತರಬೇತಿಗೆ ಹಾಕಿದ್ದಾರೆ. ಇದೇನು ಶಿಕ್ಷೆ ಎಂದು ಮೊದಮೊದಲು ಬಸ್ಸಿನಲ್ಲಿ ಹೋಗುವಾಗ ಗೊಣಗಿದೆ. ಕಲಿಸುವವಳು ಗಜೇಂದ್ರಗಡದ ಹುಡುಗಿ, ಫರ್ಜಾನಾ ಎಂದು. ನಮ್ಮ ಯಾಸ್ಮಿನಳ ವಯಸ್ಸು. ಮೊದಲನೆಯ ದಿನ ನಾನು ಕೈಕಟ್ಟಿ ಕೂತದ್ದು ನೋಡಿ, 'ಮುಟ್ರಿ ಅಕ್ಕೋರ, ಅದೇನ ಕಡ್ಯಾಂಗಿಲ್ಲ' ಎಂದಳು.

ಆರು ಮಷಿನ್ನುಗಳ ತಂತಿಗಳು ಒಂದು ಸಣ್ಣ ಡಬ್ಬಿಗೆ ಬಂದು ಸೇರುತ್ತವೆ. 'ಇದು ನಮ್ಮ ಖೋಲಿ ನೆಟ್‌ವರ್ಕ್ ರಿ. ಇಂಥಾವು ಲಕ್ಷಗಟ್ಟಲೆ ಒಂದಕ್ಕೊಂದು ಕೂಡಿದ್ರ ಅದ ಇಂಟರ್‌ನೆಟ್' ಎಂದಳು. ನಾನು ಇಂಟರ್‌ನೆಟ್ ಎಂದರೆ ಎಲ್ಲೋ ಬೀಗ ಹಾಕಿ ಇಟ್ಟ ಒಂದು ದೊಡ್ಡ ಯಂತ್ರ ಎಂದುಕೊಂಡಿದ್ದೆ. ಹಾಗೇನೂ ಇಲ್ಲವಂತೆ. ಪ್ರತಿ ಮಷಿನ್ನಿಗೂ ನಂಬರಿನ ವಿಳಾಸ. ಮಂದಿಗೆ ಅಷ್ಟು ನಂಬರು ನೆನಪಿರುವುದಿಲ್ಲವೆಂದು ಹೆಸರು ಇಟ್ಟಿದ್ದಾರೆ. ಯಾವ ಹೆಸರಿಗೆ ಯಾವ ನಂಬರು ಎಂದು ಹೇಳುವ ಮಷಿನ್ನುಗಳು ಬೇರೆ ಇವೆ. ನನಗೆ ನಮ್ಮ ಪೋಸ್ಟ್‌ಮನ್ ಮೈಲಾರಪ್ಪ ನೆನಪಾದ. ನೀನು ಬರೇ 'ಶೇಖವ್ವ ಟೀಚರ್' ಎಂದು ಬರೆದಿದ್ದರೂ ಅವನು ನಮ್ಮ ಕಟ್ಟೆಗೇ ತರುತ್ತಿದ್ದ.

ಮೂರನೆಯ ದಿನ ಕರೆಂಟು ಹೋಯಿತು. ಇನ್ನೇನು ಮನೆಗೆ ಬಿಡುತ್ತಾಳೆಂದು ನಾನು ಚೀಲ ಎತ್ತಿಕೊಂಡೆ. ಎಲ್ಲಿ ಬಿಡುತ್ತಾಳೆ? ನಮ್ಮನ್ನೇ ಮಷಿನ್ ಮಾಡಿ ಖೋಲಿ ತುಂಬ ನಿಲ್ಲಿಸಿದಳು. ಒಂದು ವಾಕ್ಯವನ್ನು ಐದು ಚೀಟಿಗಳಲ್ಲಿ ಒಂದೊಂದೇ ಶಬ್ದವಾಗಿ ಬರೆಸಿ, ಮೇಲೆ ಯಾರಿಂದ, ಯಾರಿಗೆ, ಎಷ್ಟನೆಯ ಚೀಟಿ ಎಂದು ಹಾಕಿಸಿದಳು. ಕಳಿಸುವವರು ಶಿರೋಳದ ಈಶಪ್ಪ ಮಾಸ್ತರರು, ಪಡೆಯುವವಳು ನಾನು. ನಡುವೆ ನಿಂತವರು ಕೈಯಿಂದ ಕೈಗೆ ದಾಟಿಸಬೇಕು. ಅಷ್ಟರಲ್ಲಿ ನಡುವಿನ ಒಬ್ಬರನ್ನು ಕೆಳಗೆ ಕೂರಿಸಿ, 'ಈ ದಾರಿ ಬಂದ್ ಆತ್ರಿ, ಮಗ್ಗಲದವರ ಕಡಿಂದ ಕಳಸ್ರಿ' ಎಂದಳು. ಐದನೆಯ ಚೀಟಿ ಮೊದಲು ಬಂತು, ಒಂದನೆಯದು ಕೊನೆಗೆ. ನಂಬರು ನೋಡಿ ಜೋಡಿಸಿದೆ. 'ನಾಳಿ ಊಟಕ್ಕ ಬದನಿಕಾಯಿ ಪಲ್ಯ ತರ್ರಿ' ಎಂದಿತ್ತು.

ಎಲ್ಲರೂ ನಗುತ್ತಿದ್ದಾಗ ಈಶಪ್ಪ ಮಾಸ್ತರರಿಂದ ಮೂರನೆಯ ಚೀಟಿ ಮತ್ತೊಮ್ಮೆ ಬಂತು. ಇನ್ನೊಮ್ಮೆಯೂ ಬಂತು. ನನ್ನ ಕೈಯಲ್ಲಿ ಮೂರು ಬದನೆಕಾಯಿ. ಏನಾಗಿತ್ತೆಂದರೆ, ಪ್ರತಿ ಚೀಟಿಗೂ ನಾನು 'ಮುಟ್ಟಿತು' ಎಂಬ ಒಂದು ಚೀಟಿ ತಿರುಗಿ ಕಳಿಸಬೇಕಿತ್ತು. ಮೂರನೆಯದಕ್ಕೆ ಕಳಿಸುವುದನ್ನು ಮರೆತಿದ್ದೆ.

'ಅಕ್ಕೋರ, ಮುಟ್ಟಿದ್ರ ಮುಟ್ಟೇತಿ ಅನ್ರಿ' ಎಂದಳು ಫರ್ಜಾನಾ. 'ನೀವು ಸುಮ್ಮ ಕುಂತ್ರ ಅವರಿಗೆ ಹ್ಯಾಂಗ ಗೊತ್ತಾಗಬೇಕ್ರಿ? ದಾರ್ಯಾಗ ಕಳದೇತಿ ಅಂತ ತಿಳಕೊಂಡು ಮತ್ತ ಕಳಸ್ತಾರ.'

'ಎಷ್ಟ ಸಲ ಕಳಸ್ತಾರವ್ವಾ?' ಎಂದು ಕೇಳಿದೆ.

'ಒಂದಿಷ್ಟು ಸಲ ನೋಡ್ತಾರ್ರಿ. ಆಮ್ಯಾಲ ಬಿಟ್ಟಬಿಡ್ತಾರ.'

'ನಂದೇನ ತಪ್ಪಿಲ್ಲ ನೋಡ್ರಿ, ಅಕ್ಕೋರು ನುಂಗಿ ಕುಂತಾರ' ಎಂದರು ಈಶಪ್ಪ ಮಾಸ್ತರರು. ಎಲ್ಲರ ಜೊತೆ ನಾನೂ ನಕ್ಕೆ. ಆದರೆ ಅವತ್ತು ನನಗೆ ಊಟ ಸೇರಲಿಲ್ಲ.

ಮೊನ್ನೆ ಎಲ್ಲರಿಗೂ ಒಂದೊಂದು ಇ-ಮೇಲ್ ವಿಳಾಸ ಮಾಡಿಕೊಟ್ಟು, 'ಮೊದಲನೇದ ಯಾರಿಗೆ ಕಳಸ್ತೀರಿ?' ಎಂದು ಕೇಳಿದಳು. ಬಾಯಿಗೆ ನಿನ್ನ ಹೆಸರೇ ಬಂತು. ನಿನಗೆಲ್ಲಿಯ ಇ-ಮೇಲು, ಅದಕ್ಕೇ ಈ ಕಾಗದ. ನಿನ್ನನ್ನೂ ತರಬೇತಿಗೆ ಕರೆದರೆ ಮೊಣಕಾಲು ನೋವೆಂದು ನೆಪ ಹೇಳಬೇಡ, ಹೋಗು. ಖರೇ ಹೇಳುತ್ತೇನೆ, ಕಲಿಯಲಿಕ್ಕೆಂದು ಇಷ್ಟು ಖುಷಿಯಿಂದ ಬಸ್ಸು ಹತ್ತಿ ಎಷ್ಟೋ ವರ್ಷವಾಗಿತ್ತು.

ಯಾಸ್ಮಿನಳಿಗೆ ಮಗು ಆಗಿದೆ ಎಂದು ಯಾರೋ ಅಂದರು. ಹೆಸರೇನು? ತಾಯಿಗೂ ಮಗುವಿಗೂ ಈ ಅಜ್ಜಿಯ ಆಶೀರ್ವಾದ. ನಿನ್ನ ಮನೆ ತಂಪಾಗಿರಲಿ.

ನಿನ್ನವಳೇ ಆದ
ಶೇಖವ್ವ

ತಾ.ಕ.: ಕಾರ್ಡು ಬಂದಿತ್ತು. ಮದುವೆಗೆ ಆರು ದಿನ ಇರುವಾಗಲೇ ಮೈಲಾರಪ್ಪ ನನ್ನ ಕೈಯಲ್ಲಿ ಕೊಟ್ಟಿದ್ದ. ಮೇಲೆ ನರಗುಂದದ ಟಪಾಲು ಶಿಕ್ಕೆ ಒತ್ತಿತ್ತು, ಅಲ್ಲಿಂದ ಹಾಕಿದ್ದು. ನರಗುಂದಕ್ಕೆ ಹೋಗಲು ಪುರಸೊತ್ತು ಇದ್ದವಳಿಗೆ ಜಕ್ಕಲಿಗೆ ಬಂದು ಬಾಯಿ ತುಂಬ ಕರೆಯಲು ಆಗಲಿಲ್ಲವೇ, ನಾನೇನು ಪೋಸ್ಟಿನಲ್ಲಿ ಕರೆಯುವ ಬಳಗವೇ ಎಂದು ಬಿಗಿದುಕೊಂಡು ಕೂತೆ. ಹೊಳೆ ಬಂದು ನಿಮ್ಮೂರಿನಿಂದ ಇತ್ತ ರೋಣದ ಕಡೆಗೆ ಬರುವ ದಾರಿ ಬಂದ್ ಆಗಿತ್ತು, ನಿನ್ನ ಮಗ ಸಾಜೀದ ಸುತ್ತು ಹಾಕಿ ನರಗುಂದಕ್ಕೆ ಹೋಗಿ ಕಾರ್ಡು ಹಾಕಿದ್ದ ಎಂದು ಗೊತ್ತಾಗುವಷ್ಟರಲ್ಲಿ ಮದುವೆ ಮುಗಿದಿತ್ತು. ಒಪ್ಪಿಕೊಳ್ಳಲು ನಾಚಿಕೆಯಾಗಿ ಸುಳ್ಳು ಬರೆದೆ. ನೀನು ಅದನ್ನು ನಂಬಿ ಮೈಲಾರಪ್ಪನ ಮೇಲೆ ತಕರಾರು ಕೊಟ್ಟೆ. ವಿಚಾರಣೆಯಲ್ಲಿ ಅವನು ನನ್ನ ಹೆಸರು ಎತ್ತಲಿಲ್ಲ. ಮಾತು ಕೇಳಿಸಿಕೊಂಡೇ ಪೆನ್ಶನ್ನಿಗೆ ಹೋದ. ನಿನ್ನೆ ಅವನ ಮನೆಗೆ ಹೋಗಿ ಕೈ ಮುಗಿದೆ. 'ನನಗ್ಯಾಕ್ರಿ ಅಕ್ಕೋರ, ಅವರಿಗೆ ಬರೀರಿ' ಎಂದ.

ಬರೆಯುತ್ತಿದ್ದೇನೆ. ನಿನ್ನ ಕಾರ್ಡು ಮುಟ್ಟಿತು, ಮದರಬಿ.