ಫಸ್ಟ್ ಟೀಮ್ ಹುಡುಗ

ಜುಲೈ 7, ಸೋಮವಾರ

ಮತ್ತೆ ಚಿತ್ರಾನ್ನ. ನಿನ್ನೆಯ ಅನ್ನಕ್ಕೆ ಅರಿಶಿನ ಬಳಿದದ್ದು. ಗೋಡೆಯ ಮೇಲಿನ ಡಯಟ್ ಚಾರ್ಟ್‌ನಲ್ಲಿ ಮೊಟ್ಟೆ, ಬಾಳೆಹಣ್ಣು, ಬಾದಾಮಿ... ತಟ್ಟೆಗೆ ಬರುವುದು ಇದು. ಅರ್ಧ ಬಿಟ್ಟು ಗ್ರೌಂಡಿಗೆ ಹೋದೆ.

ಓಟ ಮುಗಿಯುವ ಹೊತ್ತಿಗೆ ಡೈರೆಕ್ಟರ್ ಅಮರನಾಥ್ ಸರ್ ಬಂದರು. ಫುಟ್‌ಬಾಲ್ ಅಕಾಡೆಮಿ ಅವರದು, ಗ್ರೌಂಡ್ ಅವರದು, ಮಾತೂ ಅವರದೇ. ಬೆಂಗಳೂರಿನ ಕ್ಲಬ್‌ನಿಂದ ಕರೆ ಬಂದಿದೆಯಂತೆ. ಫಸ್ಟ್ ಟೀಮ್, ಅಂದರೆ ಟೀವೀಲಿ ಬರುವ ಅವರ ದೊಡ್ಡ ಟೀಮ್ ಜೊತೆ ಒಂದು ದಿನ ಪ್ರಾಕ್ಟೀಸ್. ಇಬ್ಬರೇ — ನಾನು, ಕದಿರೇಶ.

ಕದಿರೇಶ ಶ್ರೀನಿವಾಸಪುರದವನು. ರೂಮ್‌ಮೇಟ್. ಹದಿಮೂರನೇ ವಯಸ್ಸಿಗೆ ಒಂದೇ ದಿನ ಮಾಲೂರಿನ ಈ ಹಾಸ್ಟೆಲ್ ಸೇರಿದವರು ನಾವು. ನನಗಿಂತ ಒಳ್ಳೆಯ ಆಟಗಾರ. ಇದನ್ನು ಒಪ್ಪಿಕೊಳ್ಳುವುದಕ್ಕೇ ನನಗೆ ಬಹಳ ಕಾಲ ಹಿಡಿಯಿತು.

"ಲೇ ಗಂಗಾ, ಕೊನೆಗೂ ಕರದ್ರಲ್ಲೋ," ಎಂದ. ಬೂಟು ಬಿಚ್ಚುತ್ತಾ ಅತ್ತುಬಿಟ್ಟ. ನೋಡದವನಂತೆ ಇದ್ದೆ.

ಊರಿಗೆ, ಆವನಿಯಲ್ಲಿರುವ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಕುಣಿದುಬಿಟ್ಟಳು.

ಜುಲೈ 10, ಗುರುವಾರ

ಥೂ.

ಬರೆಯಲೂ ಹೇಸಿಗೆ. ಆದರೂ ಬರೆಯುತ್ತೇನೆ.

ಬೆಂಗಳೂರಿನ ಕ್ಲಬ್ಬಿನವರಿಗೆ ಬೇಕಾಗಿದ್ದದ್ದು ಆಟಗಾರರಲ್ಲ. ಗೋಡೆ. ಫ್ರೀ ಕಿಕ್ ಪ್ರಾಕ್ಟೀಸಿಗೆ ಎದುರು ನಿಲ್ಲಿಸುವ ಪ್ಲಾಸ್ಟಿಕ್ ಬೊಂಬೆಗಳು ಮುರಿದಿದ್ದವಂತೆ. ನೀಲಿ ಬನಿಯನ್ ಹಾಕಿಸಿ ನಮ್ಮನ್ನು ನಿಲ್ಲಿಸಿದರು. ಬೆಳಿಗ್ಗೆಯೆಲ್ಲಾ ನಿಂತೆವು. ತೊಡೆಗೆ, ಪಕ್ಕೆಗೆ, ಕಿವಿಗೆ ಬಾಲಿನ ಏಟು. ಹೆಸರು ಒಬ್ಬರೂ ಕೇಳಲಿಲ್ಲ. "ಬ್ಲೂ, ಜಂಪ್! ಬ್ಲೂ, ಜಂಪ್!"

ಒಮ್ಮೆ ಬಾಲು ಕದಿರೇಶನ ಕಾಲಿಗೆ ಬಂತು. ತಿರುಗಿ, ಒಬ್ಬನನ್ನು ದಾಟಿ, ಎಂಥಾ ಪಾಸ್ ಕೊಟ್ಟ! ಅಲ್ಲಿನ ಕೋಚ್ ಕಿರುಚಿದ — "ಹೇ ಬ್ಲೂ! ಡೋಂಟ್ ಪ್ಲೇ!"

ಆಡಬೇಡವಂತೆ.

ಹೊರಡುವಾಗ ಅಮರನಾಥ್ ಸರ್ ನಮ್ಮ ಫೋಟೋ ತೆಗೆದರು. ಹಿಂದೆ ಕ್ಲಬ್ಬಿನ ಕ್ಯಾಪ್ಟನ್ ನೀರು ಕುಡಿಯುತ್ತಿದ್ದ. ಅವನಿಗೆ ಗೊತ್ತೂ ಇಲ್ಲ. "ಸ್ವಲ್ಪ ನಗ್ರೋ," ಎಂದರು. ಕದಿರೇಶ ನಗಲಿಲ್ಲ. ನಾನು ನಕ್ಕೆ.



ಜುಲೈ 18, ಶುಕ್ರವಾರ

ಅಮ್ಮನ ಫೋನ್. "ನಾಯನಾ, ಕೋಲಾರದ ಬಸ್ ಸ್ಟ್ಯಾಂಡ್ ತಾವ ನಿನ್ ಫೋಟೋ ಹಾಕವ್ರಂತೆ! ಮಂಡಿಗೆ ಟೊಮೇಟೊ ಹಾಕಕ್ಕೆ ಹೋಗಿದ್ದ ನಮ್ ಪಕ್ಕದ್ಮನೆ ಪೆದ್ದಪ್ಪ ನೋಡ್ಕೊಂಡು ಬಂದ. ಫಸ್ಟ್ ಟೀಮ್ ಅಂತ ಬರದವ್ರಂತೆ. ಟೀವೀಲಿ ಯಾವತ್ತು ಬರ್ತೀಯೋ?"

"ಬರ್ತೀನಮ್ಮ. ಇನ್ನೂ ಟೈಮ್ ಇದೆ."

ಊರಿಗೆಲ್ಲ ಸಕ್ಕರೆ ಹಂಚಿದ್ದಾಳೆ. ಫೋನ್ ಇಟ್ಟು ಬಾಯಿ ಮುಕ್ಕಳಿಸಿದೆ. ಏನೋ ಕೊಳೆತದ್ದನ್ನು ತಿಂದಂತೆ ಇತ್ತು.

ಸಂಜೆ ಗೇಟಿಗೂ ಅಕಾಡೆಮಿಯ ಅದೇ ಫ್ಲೆಕ್ಸ್ ಕಟ್ಟಿದರು. ಅದರಲ್ಲಿ ಕದಿರೇಶ ಇಲ್ಲ. ಕತ್ತರಿಸಿದ್ದಾರೆ. ನಕ್ಕವನು ನಾನು ತಾನೇ.

ಜುಲೈ 25, ಶುಕ್ರವಾರ

ಆಫೀಸಿಗೆ ಕರೆದರು, ಇಬ್ಬರನ್ನೂ. ಅಮರನಾಥ್ ಸರ್ ಫೋನ್ ನೋಡುತ್ತಲೇ ಹೇಳಿದರು. ಹತ್ತೊಂಬತ್ತು ದಾಟಿದವರಿಗೆ ಇಲ್ಲಿ ಟೀಮ್ ಇಲ್ಲ. ಕ್ಲಬ್ಬಿಗೂ ಈ ವರ್ಷ ನಮ್ಮವರು ಯಾರೂ ಬೇಡ. ರೂಮ್ ಖಾಲಿ ಮಾಡಬೇಕು.

"ಸಾರ್, ಇಲ್ಲೀವರ್ಗೂ ಇಲ್ಲಿಂದ ಯಾರಾದ್ರೂ ಫಸ್ಟ್ ಟೀಮ್‌ಗೆ ಆಡವ್ರಾ?" ಕದಿರೇಶ ಕೇಳಿದ.

"ಹತ್ತಿರ ಹೋಗಿದ್ದಾರೆ."

"ಆಡವ್ರಾ ಸಾರ್?"

"ಆಡ್ತಾರಯ್ಯ, ಮುಂದೆ. ನೀವಿಬ್ರೂ ಬೇಕಿದ್ರೆ ಇಲ್ಲೇ ಅಸಿಸ್ಟೆಂಟ್ ಆಗಿ ಇರಿ. ಸ್ಕೂಲ್‌ಗಳಿಗೆ ಬಂದು ಪೇರೆಂಟ್ಸ್ ಹತ್ರ ಮಾತಾಡಿ. ಗಂಗಾಧರ್, ನಿನ್ನ ಮುಖ ಈಗ ಎಲ್ರಿಗೂ ಗೊತ್ತು."

ಕದಿರೇಶ ಎದ್ದು ಹೊರಟ. ಸಂಜೆಯೊಳಗೆ ಬ್ಯಾಗ್ ಕಟ್ಟಿದ. ಶ್ರೀನಿವಾಸಪುರದಲ್ಲಿ ಅವನ ಮಾವನಿಗೆ ಮಾವಿನ ಮಂಡಿ ಇದೆ. ಗೇಟಿನ ಹತ್ತಿರ ಕೇಳಿದ — "ಬರ್ತೀಯೇನ್ಲಾ?"

ಊರಿಗೆ ಯಾವ ಮುಖ ಹೊತ್ತು ಹೋಗುವುದು? "ಇಲ್ಲೇ ಇರ್ತೀನಿ ಕಣೋ," ಎಂದೆ.

ಅವನು ನನ್ನನ್ನು ನೋಡಿದ ರೀತಿ... ಬೇಡ.

ಆಗಸ್ಟ್ 9, ಶನಿವಾರ

ಮುಳಬಾಗಿಲಿನ ಒಂದು ಕಲ್ಯಾಣ ಮಂಟಪದಲ್ಲಿ ಅಕಾಡೆಮಿಯ ಅಡ್ಮಿಷನ್ ಸಭೆ. ಅಪ್ಪ ಅಮ್ಮಂದಿರಿಂದ ತುಂಬಿತ್ತು. ಸ್ಟೇಜಿನ ಮೇಲೆ ನಾನು, ಬಣ್ಣದ ಕಾಗದದ ಹಾರ. ಹಿಂದೆ ಆ ಹಾಳು ಫೋಟೋ, ಆಳೆತ್ತರಕ್ಕೆ. ನನ್ನ ಹಲ್ಲು ನೋಡಿದರೆ ನನಗೇ ಅಸಹ್ಯ.

ಅಮರನಾಥ್ ಸರ್ ಡ್ರೀಮ್ ಅಂದರು, ಡೆಡಿಕೇಷನ್ ಅಂದರು. ಆಮೇಲೆ ಒಬ್ಬ ತಾಯಿ ಎದ್ದು ನಿಂತರು. ಅಂಗನವಾಡಿ ಟೀಚರಂತೆ, ರಾಮಲಕ್ಷ್ಮಮ್ಮ ಅಂತ ಹೆಸರು. ನೇರವಾಗಿ ನನ್ನನ್ನೇ ಕೇಳಿದರು.

"ಏನಪ್ಪಾ, ಇಲ್ಲಿ ಕಲ್ತವ್ರಲ್ಲಿ ಎಷ್ಟ್ ಜನ ದೊಡ್ಡ ಟೀಮ್‌ನಲ್ಲಿ ಆಡ್ತವ್ರೆ?"

ಸರ್ ಮೈಕಿಗೆ ಕೈ ಚಾಚಿದರು. ನಾನು ಬಿಡಲಿಲ್ಲ.

"ಒಬ್ರೂ ಇಲ್ಲಮ್ಮ. ನಾನೂ ಆಡಿಲ್ಲ. ಒಂದು ದಿನ ಕರ್ಕೊಂಡು ಹೋಗಿ ಅವ್ರ ಮುಂದೆ ಗೋಡೆ ಥರ ನಿಲ್ಲಿಸಿದ್ರು. ಅವತ್ತು ತೆಗೆದ ಫೋಟೋ ಇದು. ಈಗ ನನ್ನನ್ನೂ ಟೀಮಿಂದ ತೆಗೆದಾಯ್ತು."

ಎದೆ ಹಗುರಾಯಿತು. ಮುಗಿಯಿತು, ಇನ್ನು ಎಲ್ಲರೂ ಎದ್ದು ಹೋಗುತ್ತಾರೆ ಅಂದುಕೊಂಡೆ.

ಸರ್ ನಿಧಾನವಾಗಿ ಮೈಕ್ ತೆಗೆದುಕೊಂಡು ನನ್ನ ಹೆಗಲ ಮೇಲೆ ಕೈ ಹಾಕಿದರು. "ನೋಡಿ, ಎಂಥಾ ಪ್ರಾಮಾಣಿಕ ಹುಡುಗ! ನಾವು ಬರೀ ಫುಟ್‌ಬಾಲ್ ಕಲಿಸಲ್ಲ. ಇದನ್ನ ಕಲಿಸ್ತೀವಿ. ಕ್ಯಾರೆಕ್ಟರ್!"

ಚಪ್ಪಾಳೆ.

ಆ ಚಪ್ಪಾಳೆ! ಅಡ್ಮಿಷನ್ ಟೇಬಲ್ಲಿನ ಮುಂದೆ ಸಾಲು ಬಾಗಿಲು ದಾಟಿತ್ತು. ಅದರಲ್ಲಿ ರಾಮಲಕ್ಷ್ಮಮ್ಮನೂ ಇದ್ದರು. ಹತ್ತಿರ ಹೋದೆ.

"ಅಮ್ಮಾ, ನಾನು ಹೇಳಿದ್ದು ಕೇಳಿಸ್ತಲ್ವಾ?"

"ಕೇಳಿಸ್ತಪ್ಪ. ಪಾಪ, ನಿನ್ ಹಣೇಲಿ ಬರ್ದಿರ್ಲಿಲ್ಲ. ಆದ್ರೆ ನಮ್ಮ ಹುಡುಗ ಸಕತ್ತಾಗಿ ಆಡ್ತಾನೆ."

ನಮ್ಮಮ್ಮನೂ ಇದನ್ನೇ ಹೇಳಿರಬೇಕು, ಇಂಥದೇ ಸಾಲಿನಲ್ಲಿ ನಿಂತು.

ಹಾರ ಕಿತ್ತು ಮೇಜಿನ ಮೇಲೆ ಎಸೆದೆ. "ನಾಳೆಯಿಂದ ಬರಲ್ಲ ಸಾರ್." ತಲೆ ಎತ್ತಲಿಲ್ಲ ಆತ. "ಬ್ಯಾನರ್ ಮಡಚಿಟ್ಟು ಹೋಗು." ಮಡಚಲಿಲ್ಲ.

ಬಸ್ಸಿನಿಂದ ಕದಿರೇಶನಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ.

"ಅದನ್ನೂ ಮಾರ್ಕೊಂಡ್ನಾ?" ಎಂದ. ಆಮೇಲೆ, "ಹೇಳ್ದಲ್ಲ, ಬಿಡು. ಮನೇಲೂ ಹೇಳು."

ಆಗಸ್ಟ್ 17, ಭಾನುವಾರ, ಆವನಿ

ಮನೆಗೆ ಬಂದು ವಾರ ದಾಟಿತು. ರಜ ಅಂದಿದ್ದೇನೆ. ಅಷ್ಟು ಜನರ ಮುಂದೆ ಬಂದ ಮಾತು ಅಮ್ಮನ ಮುಂದೆ ಬರುತ್ತಿಲ್ಲ. ದಿನಾ ಒಂದು ಮೊಟ್ಟೆ ಬೇಯಿಸಿ ಇಡುತ್ತಾಳೆ, ಫಸ್ಟ್ ಟೀಮ್ ಮಗನಿಗೆ. ಅರ್ಧ ಬಿಟ್ಟು ಏಳುತ್ತೇನೆ. ಅಮರನಾಥ್ ಮೇಲಿದ್ದ ಹೇಸಿಗೆಯೆಲ್ಲ ಈಗ ನನ್ನ ಮೇಲೇ.

ಈಗ ಹೊರಗೆ ಯಾರೋ ಬಂದಿದ್ದಾರೆ. ಪೆದ್ದಪ್ಪನ ಧ್ವನಿ. ಮೊಮ್ಮಗನನ್ನು ಅದೇ ಅಕಾಡೆಮಿಗೆ ಸೇರಿಸಬೇಕಂತೆ, ನನ್ನದೊಂದು ಶಿಫಾರಸು ಬೇಕಂತೆ. "ಅದಕ್ಕೇನಣ್ಣ, ನಮ್ ಗಂಗಾ ಒಂದ್ ಮಾತು ಹೇಳಿದ್ರೆ ಆಯ್ತು," ಅನ್ನುತ್ತಿದ್ದಾಳೆ ಅಮ್ಮ. ಆ ಹೆಮ್ಮೆ...

"ಗಂಗಾ, ಬಾರೋ ಈಚೆಗೆ, ನೀನೇ ಹೇಳು."

ಹೋಗುತ್ತೇನೆ. ಪೆದ್ದಪ್ಪ ಸ್ವಲ್ಪ ಕಾಯಲಿ. ಮೊದಲು ಅಮ್ಮನನ್ನು ಒಳಗೆ ಕರೆದು, ಕೂರಿಸಿ —