ಹನ್ನೆರಡೂವರೆ ಮಾರ್ಕಿನ ಪಂಪು

ಚೆಂಬೂರು
12 ಜೂನ್ 1978

ಕೌಸಲ್ಯಾ ಮೇಡಮ್ ಅವರಿಗೆ ಅಣವೀರಪ್ಪನ ನಮಸ್ಕಾರ.

ಅಂಧೇರಿಯ ಆಫೀಸಿನಲ್ಲಿ ನಿಮ್ಮನ್ನು ಮೇಡಮ್ ಎಂದೇ ಕರೆದೆ. "ಅಕ್ಕ ಅನ್ನೋಕೆ ನಿಂಗೇನು ದುಡ್ಡು ಖರ್ಚಾಗುತ್ತಾ?" ಎಂದು ರೇಗಿಸುತ್ತಿದ್ದಿರಿ. ಆದರೂ ನನಗೆ ಬಾಯಿ ಬರಲಿಲ್ಲ. ಕಾರಣ ಇವತ್ತು ಹೇಳುತ್ತೇನೆ, ಓದಿ ಬೈಯಿರಿ.

ಎಪ್ಪತ್ಮೂರರ ಆ ಶುಕ್ರವಾರ ನೆನಪಿದೆಯಲ್ಲ? ಜರ್ಮನಿಯ ಗಿರಾಕಿಗೆ ಅವರ ಹಣವಾದ ಮಾರ್ಕಿನ ಲೆಕ್ಕದಲ್ಲಿ ನಮ್ಮ ಪಂಪುಗಳ ದರಪಟ್ಟಿ ಹೋಗಬೇಕಿತ್ತು. ಅದನ್ನು ಕಂಪ್ಯೂಟರಿನಲ್ಲಿ ಅಚ್ಚು ಹಾಕುವ ಪ್ರೋಗ್ರಾಮ್ ನಾನೇ ಬರೆದಿದ್ದೆ. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಲಕೋಟೆ ಆಗಲೇ ಟಪಾಲು ನೋಡುವ ಕೊರಗಪ್ಪನ ಮೇಜು ಸೇರಿತ್ತು. ನೀವು ಚಹಾ ಕುಡಿಯುತ್ತ ಗಿರಾಕಿಯ ಹಳೆಯ ಪತ್ರವೊಂದನ್ನು ಪಟ್ಟಿಯ ನನ್ನ ಪ್ರತಿಯ ಪಕ್ಕ ಇಟ್ಟಿರಿ.

"ಅಯ್ಯೋ ಅಣವೀರಪ್ಪ, ಇವರು ಸಾವಿರಕ್ಕೆ ಚುಕ್ಕೆ ಇಡ್ತಾರೆ ಕಣೋ. ನಾವು ಸಾವಿರಕ್ಕೆ ಇಡೋ ಕಾಮಾ ಅವರ ಲೆಕ್ಕದಲ್ಲಿ ಪೈಸೆ ಗುರುತು. ಹನ್ನೆರಡು ಸಾವಿರದ ಐನೂರು ಮಾರ್ಕಿನ ಪಂಪನ್ನ ಹನ್ನೆರಡೂವರೆಗೆ ಮಾರೋಕೆ ಹೊರಟಿದೀಯಲ್ಲ!"

"ಹೋಗ್ಲಿ ಬಿಡ್ರಿ, ಅವರೇ ತಿಳ್ಕೋತಾರ" ಅಂದೆ. ಈಗಲೂ ನಾಚಿಕೆಯಾಗುತ್ತದೆ. "ನಮ್ಮ ಕೆಲಸಾನ ಓದೋನ ತಲೆಗೆ ಯಾಕೋ ಕಟ್ತೀಯ?" ಎಂದು ಎದ್ದೇಬಿಟ್ಟಿರಿ. ಲಕೋಟೆ ವಾಪಸು ತರಿಸಿ, ಪ್ರೋಗ್ರಾಮಿನ ಐದು ಕಾರ್ಡಿಗೆ ಹೊಸದಾಗಿ ತೂತು ಪಂಚ್ ಮಾಡಿ, ಸಂಬಳಪಟ್ಟಿಗೆ ಮೀಸಲಾಗಿದ್ದ ಮೆಷಿನ್ನನ್ನು ಜಗಳಾಡಿ ಇಪ್ಪತ್ತು ನಿಮಿಷ ಕಸಿದುಕೊಂಡಿರಿ. ಪ್ರಿಂಟರು ಗಡಗಡ ಎನ್ನುತ್ತ ಸಾವಿರಕ್ಕೆ ಚುಕ್ಕೆ, ಪೈಸೆಗೆ ಕಾಮಾ ಒತ್ತಿತು. ಅಬ್ಬಾ, ಎಂಥ ಕಣ್ಣು, ಎಂಥ ಕೈ! ನಿಮ್ಮಂಥವರನ್ನು ನಾನು ಇನ್ನೂ ಕಂಡಿಲ್ಲ.

ಕಸಿದುಕೊಂಡ ಆ ಇಪ್ಪತ್ತು ನಿಮಿಷಕ್ಕೆ ಕಾರಣ ಬರೆಯಬೇಕಿತ್ತು. ಮೆಷಿನ್ ಬಳಕೆ ದಾಖಲಿಸುವ ಲಾಗ್ ಪುಸ್ತಕದಲ್ಲಿ 'ತಪ್ಪು ಯಾರದು' ಎಂಬಲ್ಲಿ ನಿಮ್ಮದೇ ಹೆಸರು ಬರೆದಿರಿ. ನಾನು ನೋಡಿಯೂ ಸುಮ್ಮನಿದ್ದೆ. ನನ್ನ ಕೆಲಸ ಖಾಯಂ ಆಯಿತು. ಮ್ಯಾನೇಜರ್ ರಾಮಸ್ವಾಮಿಯವರು ಅದೇ ಸಾಲು ತೋರಿಸಿ ನಿಮ್ಮ ಪ್ರಮೋಷನ್ ತಡೆದರು. ಆಗಲೂ ನೀವು ನನ್ನ ಹೆಸರು ಎತ್ತಲಿಲ್ಲ. ಮರುವರ್ಷ ಪಾಠ ಹೇಳಲು ಪವಾಯಿಯ ಕಾಲೇಜಿಗೆ ಹೊರಟ ದಿನವೂ ನನಗೆ ಡಬ್ಬಿಯ ಪುಳಿಯೋಗರೆ ಕೊಟ್ಟೇ ಹೋದಿರಿ.

ನಿಮಗೆ ತಪ್ಪಿದ ಅದೇ ಹುದ್ದೆಗೆ ಈ ಸಲ ನನ್ನ ಹೆಸರು ಬಂತು. ನಾಳೆ ಇಂಟರ್‌ವ್ಯೂ ಇತ್ತು. ಇವತ್ತು ಹಳೆಯ ಲಾಗ್ ಪುಸ್ತಕ ಹುಡುಕಿ, ನಿಮ್ಮ ಹೆಸರು ಹೊಡೆದು, ಪಕ್ಕದಲ್ಲಿ ನನ್ನದು ಬರೆದು ರಾಮಸ್ವಾಮಿಯವರ ಮುಂದಿಟ್ಟೆ. ಅವರು ಓದಿ ಪುಸ್ತಕ ಮುಚ್ಚಿದರು. "ನಾಳೆ ಇಂಟರ್‌ವ್ಯೂಗೆ ನೀನು ಬರೋದು ಬೇಡ" ಎಂದರು.

ಆಗಲಿ. ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಬಂದೆ, ದಾರಿಯುದ್ದಕ್ಕೂ ಒಂದೇ ಮಾತು ಬಾಯಲ್ಲಿತ್ತು. ಈಗ ಅನ್ನಬಹುದು ಅನಿಸುತ್ತದೆ.

ಅಕ್ಕಾ, ದೇವರು ನಿಮ್ಮನ್ನು ತಣ್ಣಗಿಟ್ಟಿರಲಿ.

ನಿಮ್ಮ ತಮ್ಮ,
ಅಣವೀರಪ್ಪ